ಕೆಂಪು ಶಾಯಿಯ ಹಾವು

ಹಾವು-ಏಣಿಯ ಹಾಳೆ ಕಣ್ಣಿಗೆ ಬಿದ್ದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕುಮಟೆಯ ಪೇಟೆಯಲ್ಲಿ ಆಟಿಕೆ ಅಂಗಡಿಯವರು ಬಾಗಿಲಿಗೆ ಬಣ್ಣಬಣ್ಣದ ಹಾಳೆಗಳನ್ನು ತೂಗುಹಾಕಿರುತ್ತಾರೆ. ನಾನು ರಸ್ತೆಯ ಆಚೆ ಬದಿಗೆ ದಾಟಿ ಹೋಗುತ್ತೇನೆ. ಹಾಳೆಯ ತಪ್ಪೇನೂ ಇಲ್ಲ, ಸಿಟ್ಟು ನನ್ನ ಮೇಲಿನದು. ತೀರಿಸಿಕೊಳ್ಳಲು ಬೇರೆ ಜಾಗ ಸಿಗದೆ ಹಾಳೆಯ ಮೇಲೆ ಹಾಕುತ್ತೇನೆ.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಡೆದ ಮಾತು ಇದು. ನಾನು ಕುಮಟೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮಾಸ್ತರ. ಭಾನುವಾರ ಹೊನ್ನಾವರಕ್ಕೆ ಹೋಗಿ, ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದವರಿಗೆ ಪಾಠ ಹೇಳುತ್ತಿದ್ದೆ. ದೂರಶಿಕ್ಷಣವೆಂದರೆ ಬೇರೇನಲ್ಲ, ಘಟ್ಟದ ಮೇಲಿನ ವಿಶ್ವವಿದ್ಯಾಲಯವೊಂದು ದಪ್ಪ ದಪ್ಪ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುತ್ತದೆ. ವರ್ಷಕ್ಕೆ ಹತ್ತು ಭಾನುವಾರ ನಮ್ಮಂಥವರು ಒಂದು ಶಾಲೆಯ ಕೋಣೆಯಲ್ಲಿ ನಿಂತು ಆ ಪುಸ್ತಕದಲ್ಲಿ ಏನಿದೆ ಎಂದು ಹೇಳಬೇಕು. ಉಳಿದದ್ದು ವಿದ್ಯಾರ್ಥಿಗಳ ಹಣೆಬರಹ. ಕೋಣೆ ಐದನೇ ತರಗತಿಯದು. ಬೆಂಚುಗಳು ಎಷ್ಟು ಗಿಡ್ಡವೆಂದರೆ, ಭಟ್ಕಳದಿಂದ ಬರುತ್ತಿದ್ದ ಬಸ್ ಕಂಡಕ್ಟರ್ ವಿದ್ಯಾರ್ಥಿಯ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮುರ್ಡೇಶ್ವರದ ಹೋಟೆಲೊಂದರಲ್ಲಿ ರೂಮಿನ ಕೀಲಿ ಕೊಡುವ ಕೆಲಸದವನೊಬ್ಬ ಹಿಂದಿನ ಬೆಂಚಿನಲ್ಲಿ ಕೂತು ನೇರವಾಗಿ ನಿದ್ದೆ ಹೋಗುತ್ತಿದ್ದ. ಅವನನ್ನು ನಾನು ಎಬ್ಬಿಸುತ್ತಿರಲಿಲ್ಲ. ನನ್ನ ಪಾಠಕ್ಕಿಂತ ಅವನ ನಿದ್ದೆಯಿಂದ ಉಪಯೋಗ ಹೆಚ್ಚಿತ್ತು.

ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವರು ಮಾವಳ್ಳಿಯ ಅಕ್ಕೋರು. ಅವರು ಅಂಗನವಾಡಿ ಕಾರ್ಯಕರ್ತೆ. ಮಕ್ಕಳು ಅಕ್ಕೋರೆ ಎಂದು ಕರೆದು ಕರೆದು ಊರಿಗೆಲ್ಲ ಅದೇ ಹೆಸರಾಗಿತ್ತು, ನಮ್ಮ ತರಗತಿಯಲ್ಲೂ ಅದೇ ನಡೆಯಿತು. ಬಿ.ಎ.ಯ ಎಲ್ಲ ಪತ್ರಿಕೆಗಳನ್ನೂ ಅವರು ಒಂದೊಂದಾಗಿ ದಾಟಿಕೊಂಡು ಬಂದಿದ್ದರು. ಅರ್ಥಶಾಸ್ತ್ರ ಮಾತ್ರ ಎರಡು ಸಲ ಕೈಕೊಟ್ಟಿತ್ತು. ವರ್ಷದ ಮೊದಲ ಭಾನುವಾರವೇ ಮೇಜಿನ ಹತ್ತಿರ ಬಂದು ನಿಂತರು.

"ಸರ್, ನಂಗೆ ಇದು ಕಡೇ ವರ್ಷ. ನೋಂದಣಿ ಮುಗೀತದೆ. ಸೂಪರ್‌ವೈಸರ್ ಪೋಸ್ಟಿಗೆ ಡಿಗ್ರಿ ಬೇಕು, ವಯಸ್ಸೂ ಮೀರೂಕಾಗ. ಮುಂದಿನ ವರ್ಷ ಕಳೆದ್ರೆ ವಯಸ್ಸು ಮೀರ್ತದೆ. ಈ ಸಲ ಆಗ್ದಿದ್ರೆ ಮತ್ತೆ ಇಲ್ಲ."

ಅಳುತ್ತಾ ಹೇಳಲಿಲ್ಲ. ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದರು. ಮದುವೆಯಾಗಿರಲಿಲ್ಲ, ತಾಯಿಯೊಂದಿಗೆ ಇದ್ದರು. ಹದಿನೈದು ವರ್ಷದಿಂದ ಗೌರವಧನದ ಮೇಲೆ ದುಡಿಯುತ್ತಿದ್ದ ಅವರಿಗೆ ಸಂಬಳವೆಂಬ ಶಬ್ದ ಬೇಕಾಗಿತ್ತು. ನಾನು "ಆಗ್ತದೆ ಅಕ್ಕೋರೆ, ಎಂತಕ್ಕೆ ಆಗೂದಿಲ್ಲ" ಎಂದೆ. ಮಾಸ್ತರರು ಹೀಗೆ ಹೇಳುವುದು ರೂಢಿ. ಅದಕ್ಕೆ ಏನೂ ಖರ್ಚಿಲ್ಲ.

ಆ ವರ್ಷವೇ ನನ್ನ ತಲೆಗೆ ಆಟದ ಹುಚ್ಚು ಹೊಕ್ಕಿದ್ದು. ಹತ್ತು ಭಾನುವಾರಗಳ ನಡುವೆ ಇವರು ಪುಸ್ತಕ ಮುಟ್ಟುವುದೇ ಇಲ್ಲವಲ್ಲ, ಮನೆಯಲ್ಲಿ ಕೂತವರನ್ನು ಹೇಗೆ ಓದಿಸುವುದು ಎಂದು ಯೋಚಿಸಿ, ಅಂಚೆಯಲ್ಲಿ ಆಡುವ ಹಾವು-ಏಣಿ ಕಟ್ಟಿದೆ. ನೂರು ಮನೆಯ ಹಾಳೆಯನ್ನು ಕೈಯಿಂದ ಬರೆದು, ಝೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದೆ. ನಾನು ಕಾರ್ಡಿನಲ್ಲಿ ಒಂದು ಪ್ರಶ್ನೆ ಕಳಿಸುವುದು, ಅವರು ಕಾರ್ಡಿನಲ್ಲೇ ಉತ್ತರ ಬರೆಯುವುದು. ಉತ್ತರ ಸರಿಯಿದ್ದರೆ ಮೇಲೆ ಹೋಗಬೇಕು. ಎಷ್ಟು ಮನೆ? ಅಂಚೆಯಲ್ಲಿ ದಾಳ ಹಾಕುವುದು ಹೇಗೆ? ಅದಕ್ಕೆ ನಾನು ಕಂಡುಕೊಂಡ ಉಪಾಯದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು: ಅವರ ಕಾರ್ಡಿನ ಮೇಲೆ ಅಂಚೆಯ ಮುದ್ರೆಯಲ್ಲಿ ಬಿದ್ದ ತಾರೀಕಿನ ಕೊನೆಯ ಅಂಕೆಯೇ ದಾಳ. ಹದಿಮೂರಕ್ಕೆ ಹಾಕಿದರೆ ಮೂರು ಮನೆ, ಇಪ್ಪತ್ತಕ್ಕೆ ಹಾಕಿದರೆ ಸೊನ್ನೆ.

ಎರಡೇ ತಿಂಗಳಲ್ಲಿ ಎಲ್ಲರೂ ಒಂಬತ್ತು, ಹತ್ತೊಂಬತ್ತು, ಇಪ್ಪತ್ತೊಂಬತ್ತಕ್ಕೇ ಕಾರ್ಡು ಹಾಕತೊಡಗಿದರು. ನಾನು ಖುಷಿಯಿಂದ ಕುಣಿದೆ. ಲಾಭ ಎಲ್ಲಿದೆಯೋ ಮನುಷ್ಯ ಅಲ್ಲಿಗೆ ಹೋಗುತ್ತಾನೆ ಎಂದು ಎರಡು ತಾಸು ಒದರಿದರೂ ತಲೆಗೆ ಹೋಗದ ಪಾಠ ಒಂದು ಮುದ್ರೆಯಿಂದ ಹೋಗಿತ್ತು. ಮಾವಳ್ಳಿಯ ಪೋಸ್ಟ್ ಮಾಸ್ತರರು ಅಕ್ಕೋರನ್ನು ಕೇಳಿದರಂತೆ, "ಎಂತದ್ರಿ ಇದು, ಇಪ್ಪತ್ತೊಂಬತ್ತಕ್ಕೇ ಮುಹೂರ್ತ ಇಟ್ಕಂಡು ಬರ್ತ್ರಿ?" ಅಕ್ಕೋರು ಮುದ್ರೆ ಸ್ಪಷ್ಟವಾಗಿ ಬೀಳುವ ತನಕ ಕಿಟಕಿ ಬಿಟ್ಟು ಅಲುಗುತ್ತಿರಲಿಲ್ಲವಂತೆ.

ಹಾವು ಬೇರೆ. ಅದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ, ಸರಕಾರಿ ಆದೇಶದ ಧಾಟಿಯಲ್ಲಿ. "ಬಂಗಡೆ ಮೀನಿನ ದರ ಅರ್ಧಕ್ಕೆ ಇಳಿದಿದೆ. ನೀವು ಹತ್ತು ಮನೆ ಇಳಿಯತಕ್ಕದ್ದು." ಹಾವಿನ ಕಾರ್ಡು ಬಂದವರು ತಾವು ಯಾಕೆ ಇಳಿಯಬೇಕಾಗಿಲ್ಲ ಎಂದು ಅರ್ಥಶಾಸ್ತ್ರದ ಕಾರಣ ಕೊಟ್ಟು ಬರೆಯಬೇಕು. ಕಾರಣ ಗಟ್ಟಿಯಿದ್ದರೆ ಹಾವು ಸತ್ತಿತು, ಇದ್ದ ಮನೆಯಲ್ಲೇ ಉಳಿಯಬಹುದು. ಕಂಡಕ್ಟರ್ ಹಾವಿಗೆ ಹೆದರಿ ಸುಮ್ಮನೆ ಇಳಿಯುತ್ತಿದ್ದ. ಅಕ್ಕೋರು ಒಂದನ್ನೂ ಬಿಡಲಿಲ್ಲ. ಬಂಗಡೆಯ ದರ ಇಳಿದರೆ ಕೊಳ್ಳುವವರು ಹೆಚ್ಚುತ್ತಾರೆ, ಒಣಗಿಸಿ ಇಟ್ಟವರಿಗೆ ಮಳೆಗಾಲದಲ್ಲಿ ದರ ಏರುತ್ತದೆ, ಆದ್ದರಿಂದ ನಾನು ಇಳಿಯುವುದಿಲ್ಲ ಎಂದು ಬರೆದರು. ಪುಸ್ತಕದಲ್ಲಿ ಇಲ್ಲದ ಉತ್ತರ, ಆದರೆ ಪುಸ್ತಕ ಬರೆದವನಿಗೂ ಹೊಳೆಯದ್ದು. ಎರಡು ಸಲ ಫೇಲಾದ ಹೆಂಗಸು ಇವರೇನಾ ಎಂದು ನನಗೆ ಆಶ್ಚರ್ಯ. ಪರೀಕ್ಷೆಯಲ್ಲಿ ಅವರನ್ನು ಯಾರೂ ಒಣಮೀನಿನ ಬಗ್ಗೆ ಕೇಳಿರಲಿಲ್ಲ, ಅಷ್ಟೆ.

ಒಂದು ಸಲ ಚೇಷ್ಟೆ ಹೆಚ್ಚಾಗಿ ಹೀಗೆ ಬರೆದೆ: "ವಿಶ್ವವಿದ್ಯಾಲಯದ ಆದೇಶ. ನಿಮ್ಮ ಪುಸ್ತಕದ ಹದಿಮೂರನೆಯ ಪಾಠವನ್ನು ರದ್ದು ಮಾಡಲಾಗಿದೆ." ಅಕ್ಕೋರಿಂದ ಉತ್ತರ ಬಂತು: "ಹದಿಮೂರು ತೆಗೆದರೆ ಹದಿನಾಲ್ಕು ನಿಲ್ಲುವುದಿಲ್ಲ. ಆದೇಶ ಸುಳ್ಳು. ಇಳಿಯುವುದಿಲ್ಲ." ಆ ಕಾರ್ಡನ್ನು ನಾನು ಸಹೋದ್ಯೋಗಿಗಳಿಗೆಲ್ಲ ತೋರಿಸಿಕೊಂಡು ತಿರುಗಿದೆ. ಸುಳ್ಳು ಆದೇಶವನ್ನು ಗುರುತಿಸಲು ಕಲಿಸಿದ್ದೇನೆ ಎಂದು ಹಿಗ್ಗಿದೆ. ನಿಜವಾದ ಆದೇಶ ಬಂದಾಗ ಅವರು ಏನು ಮಾಡಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ.

ಹತ್ತು ಭಾನುವಾರಗಳು ಮುಗಿದವು. ಇನ್ನು ಅಸೈನ್‌ಮೆಂಟ್ ಬರೆದು ಕೇಂದ್ರಕ್ಕೆ ಕೊಡುವುದು, ಆಮೇಲೆ ಪರೀಕ್ಷೆ. ಅಸೈನ್‌ಮೆಂಟಿನ ಅಂಕ ವಿಶ್ವವಿದ್ಯಾಲಯಕ್ಕೆ ಹೋಗದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ. ಅದರ ಕೊನೆಯ ದಿನ ಪ್ರತಿ ವರ್ಷವೂ ತಿಂಗಳ ಕೊನೆಗೆ ಇರುತ್ತಿತ್ತು, ಎಲ್ಲರಿಗೂ ಅದು ಬಾಯಿಪಾಠ. ಆ ವರ್ಷ ತಿಂಗಳ ಹತ್ತರ ಹೊತ್ತಿಗೆ ಸುತ್ತೋಲೆ ಬಂತು: ಕೊನೆಯ ದಿನ ಇಪ್ಪತ್ತು. ಕೇಂದ್ರದ ಗುಮಾಸ್ತರು ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ನನಗೆ ಫೋನು ಮಾಡಿದರು.

"ಕ್ಲಾಸೆಲ್ಲ ಮುಗ್ದದೆ ಸರ್, ಬೋರ್ಡು ನೋಡೂಕೆ ಯಾರು ಬರ್ತ್ರು? ನಿಮ್ಮ ಹತ್ರ ಎಲ್ಲರ ವಿಳಾಸ ಅದೆ. ಒಂದೊಂದು ಕಾರ್ಡು ಗೀಚಿ ಹಾಕ್ಬಿಡಿ."

"ಆತು" ಎಂದೆ.

ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಕೈಯಲ್ಲಿ ಕೆಂಪು ಪೆನ್ನಿತ್ತು. ಮೇಜಿನ ಮೇಲೆ ಆಟಕ್ಕೆಂದು ತಂದಿಟ್ಟ ಕಾರ್ಡುಗಳ ಕಟ್ಟಿತ್ತು. ನೀಲಿ ಪೆನ್ನು ಒಳಗಿನ ಕೋಣೆಯಲ್ಲಿ, ಅಂಗಿಯ ಕಿಸೆಯಲ್ಲಿ ಇತ್ತು. ಎದ್ದು ಹೋಗಲು ಹತ್ತು ಹೆಜ್ಜೆ. ಏಳಲಿಲ್ಲ. ಕೆಂಪು ಪೆನ್ನಿನಲ್ಲೇ ಇಪ್ಪತ್ತು ಮೂವತ್ತು ಕಾರ್ಡು ಬರೆದು ಹಾಕಿದೆ: "ಅಸೈನ್‌ಮೆಂಟ್ ಕೊಡುವ ಕೊನೆಯ ದಿನವನ್ನು ಇಪ್ಪತ್ತಕ್ಕೆ ತರಲಾಗಿದೆ. ನಂತರ ಬಂದದ್ದನ್ನು ತೆಗೆದುಕೊಳ್ಳಲಾಗುವುದಿಲ್ಲ." ಅದೇ ಕಾರ್ಡು, ಅದೇ ಕೈಬರಹ, ಅದೇ ಆದೇಶದ ಧಾಟಿ.

ಬೇರೆಯವರು ಪಾರಾದರು. ಕಂಡಕ್ಟರ್ ದಿನಾ ಹೊನ್ನಾವರದ ಮೇಲೆ ಹಾದುಹೋಗುವವನು, ಇಳಿದು ಬೋರ್ಡು ನೋಡಿ ಭಟ್ಕಳದವರಿಗೆಲ್ಲ ಹೇಳಿದ. ಮುರ್ಡೇಶ್ವರದ ಹೋಟೆಲಿನಲ್ಲಿ ಫೋನು ಇತ್ತು, ಕೀಲಿ ಕೊಡುವವನು ಅಲ್ಲಿಂದ ಕೇಂದ್ರಕ್ಕೆ ಕೇಳಿದ. ಅಕ್ಕೋರಿಗೆ ಕೇಳಲು ಹತ್ತಿರ ಯಾರೂ ಇರಲಿಲ್ಲ. ಅವರ ಉತ್ತರ ನನಗೆ ಹದಿನೇಳಕ್ಕೆ ಬಂತು. ಆ ಕಾರ್ಡು ಇಂದಿಗೂ ನನ್ನ ಹತ್ತಿರ ಇದೆ, ಆದ್ದರಿಂದ ಇದ್ದ ಹಾಗೇ ಬರೆಯುತ್ತೇನೆ.

"ಸರ್, ಹಾವು ಬಂತು. ದಿನ ಕಡಿಮೆ ಮಾಡಿದರೆ ಸಮಯದ ಪೂರೈಕೆ ಇಳಿಯುತ್ತದೆ, ಬೆಲೆ ಏರುತ್ತದೆ. ಆದರೆ ನನ್ನ ಬೇಡಿಕೆ ಮುಗಿದಿದೆ, ಏಕೆಂದರೆ ಬರೆದು ಇಟ್ಟಾಗಿದೆ. ಆದ್ದರಿಂದ ಈ ಬೆಲೆ ನನಗೆ ತಟ್ಟುವುದಿಲ್ಲ. ಇಳಿಯುವುದಿಲ್ಲ. ತೊಂಬತ್ತೊಂದರಲ್ಲೇ ಇದ್ದೇನೆ. ಇಪ್ಪತ್ತೊಂಬತ್ತಕ್ಕೆ ಎಲ್ಲ ಒಟ್ಟಿಗೇ ಹಾಕುತ್ತೇನೆ."

ನಾನು ನಕ್ಕೆ. ಗಟ್ಟಿಯಾಗಿ, ಕುರ್ಚಿ ಅಲುಗುವ ಹಾಗೆ ನಕ್ಕೆ. ನನ್ನ ಹೆಂಡತಿ ಒಳಗಿಂದ ಬಂದು ಕಾರ್ಡು ಕಸಿದುಕೊಂಡು ಓದಿದಳು. ಅವಳು ನಗಲಿಲ್ಲ.

"ಎಂತಕ್ಕೆ ನಗ್ತ್ರಿ? ಈ ಸಲದ್ದು ಖರೇ ನೋಟಿಸ್ ಅಲ್ದಾ? ಅಕ್ಕೋರು ಇದನ್ನೂ ಆಟ ಹೇಳೇ ತಿಳ್ಕಂಡಿದ್ರೇನ. ಒಂದು ಫೋನ್ ಮಾಡಿ ನೋಡಿ."

"ಹುಚ್ಚು ನಿಂಗೆ. ಅಕ್ಕೋರು ನನ್ಗಿಂತ ಹುಷಾರು. ತಮಾಷೆ ಮಾಡಿದ್ದು."

"ತಮಾಷೆ ಮಾಡ ಹೊತ್ತಾ ಅವ್ರಿಗೆ ಇದು?" ಎಂದು ಕಾರ್ಡನ್ನು ಮೇಜಿನ ಮೇಲೆ ಇಟ್ಟು ಹೋದಳು.

ಅಕ್ಕೋರ ಮನೆಯ ಹತ್ತಿರದ ಕಿರಾಣಿ ಅಂಗಡಿಯ ನಂಬರು ನನ್ನ ಡೈರಿಯಲ್ಲಿತ್ತು. ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂಬುದಕ್ಕೆ ಕಾರಣ ಹೇಳಿದರೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಇಪ್ಪತ್ತೆರಡಕ್ಕೆ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಮಾಸ್ತರರ ಕಾರ್ಯಾಗಾರವಿತ್ತು. ಆಟದ ಮೂಲಕ ಪಾಠ ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದರು. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಕರೆದಿದ್ದರು. ನನ್ನ ತಲೆಯಲ್ಲಿ ಆ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕೋರ ಆ ಕಾರ್ಡು ಬಂದ ಕೂಡಲೇ, ಇದನ್ನು ಅಲ್ಲಿ ಓದಬಹುದು ಎಂದು ಫೈಲಿನೊಳಗೆ ಸೇರಿಸಿದೆ. ನನಗೆ ಬೇಕಾಗಿದ್ದ ಉದಾಹರಣೆ ಅದು.

ಓದಿದೆ ಕೂಡ. ಸಭಾಂಗಣದಲ್ಲಿ ಐವತ್ತು ಅರವತ್ತು ಜನ. ಆಟದ ನಿಯಮ ಹೇಳಿದೆ, ಬಂಗಡೆಯ ಕಾರ್ಡು ಓದಿದೆ, ಚಪ್ಪಾಳೆ ಬಿತ್ತು. ಕೊನೆಯಲ್ಲಿ ಈ ಕಾರ್ಡು ತೆಗೆದು, ಸಮಯದ ಪೂರೈಕೆ ಇಳಿಯುತ್ತದೆ ಎಂಬಲ್ಲಿ ಸ್ವಲ್ಪ ನಿಂತು, ನಾಟಕದ ಹಾಗೆ ಓದಿದೆ. ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಪರೀಕ್ಷಾ ವಿಭಾಗದ ಒಬ್ಬ ಹೆಣ್ಣುಮಗಳು ಕೂತಿದ್ದಳು. ಅವಳು ಕೈ ಎತ್ತಿದಳು.

"ಸರ್, ಆ ಇಪ್ಪತ್ತನೇ ತಾರೀಕು ನಿಜವಾದದ್ದೇ ಅಲ್ವಾ? ಮೊನ್ನೆಗೆ ಮುಗೀತಲ್ಲ. ಅವರು ಅಸೈನ್‌ಮೆಂಟ್ ಕೊಟ್ಟಿದಾರಾ?"

ಕೊಟ್ಟಿರಬಹುದು ಎಂದೆನೋ, ಏನೋ ಅಂದೆ. ವೇದಿಕೆಯಿಂದ ಇಳಿದವನು ನೇರ ಹೊರಗಿನ ಎಸ್‌ಟಿಡಿ ಬೂತಿಗೆ ಓಡಿದೆ. ಮೊದಲು ಕೇಂದ್ರಕ್ಕೆ ಮಾಡಿದೆ. ಅಕ್ಕೋರದ್ದು ಬಂದಿಲ್ಲ ಎಂದರು ಗುಮಾಸ್ತರು. ಆಮೇಲೆ ಮಾವಳ್ಳಿಯ ಕಿರಾಣಿ ಅಂಗಡಿಗೆ ಮಾಡಿ, ಕರೆಸಿರಿ ಎಂದು ಹೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಅಕ್ಕೋರು ಏದುಸಿರು ಬಿಡುತ್ತಾ ಫೋನಿಗೆ ಬಂದರು. ಅಂಗನವಾಡಿಯಿಂದ ಓಡಿ ಬಂದಿದ್ದರು.

"ಅಕ್ಕೋರೆ, ಅಸೈನ್‌ಮೆಂಟ್ ಎಲ್ಲದೆ?"

"ಬರೆದಿಟ್ಟು ಎಂಟು ದಿನ ಆತು ಸರ್. ಕಪಾಟಿನ ಮೇಲೆ ಅದೆ. ಇಪ್ಪತ್ತೊಂಬತ್ತಕ್ಕೆ ಕಾರ್ಡಿನ ಸಂಗ್ತಿಗೇ ಪೋಸ್ಟಿಗೆ ಹಾಕ್ವ ಹೇಳಿ ಮಾಡಿದ್ದೆ."

"ಕಡೇ ದಿನ ಮೊನ್ನೆಗೇ ಆಗೋತು. ನಾನು ಕಾರ್ಡು ಹಾಕಿದ್ನಲ್ಲ."

ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದದ್ದು ಕೇಳಿತು.

"ಅದು ಹಾವಲ್ದಾ ಸರ್?"

"ಅಲ್ಲ ಅಕ್ಕೋರೆ. ಖರೇದು."

"ಕೆಂಪು ಶಾಯಿ ಆಗಿತ್ತಲ್ಲ ಸರ್" ಎಂದರು. ದೂರುವ ದನಿಯಲ್ಲ. ತಾನು ಎಲ್ಲಿ ತಪ್ಪಿದೆ ಎಂದು ಲೆಕ್ಕ ಮತ್ತೊಮ್ಮೆ ನೋಡುವ ವಿದ್ಯಾರ್ಥಿಯ ದನಿ. ಅವರು ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಮರುದಿನ ಅವರು ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ಬಂದು ಬರಹದ ಕಟ್ಟನ್ನು ನನ್ನ ಕೈಗೆ ಕೊಟ್ಟರು. ಕಂದು ಕಾಗದದ ಹೊದಿಕೆ, ಮೇಲೆ ಮಕ್ಕಳ ಪುಸ್ತಕಕ್ಕೆ ಹಚ್ಚುವ ಹೂವಿನ ಲೇಬಲ್ಲು. ಅಕ್ಷರ ದುಂಡಗೆ, ಒಂದು ಚಿತ್ತು ಇಲ್ಲ. ನಾನು ಅದನ್ನು ಹಿಡಿದು ಮತ್ತೆ ಘಟ್ಟ ಹತ್ತಿದೆ. ಪರೀಕ್ಷಾ ವಿಭಾಗದ ಅಧಿಕಾರಿ ಒಳ್ಳೆಯ ಮನುಷ್ಯ. ಚಹಾ ತರಿಸಿದರು, ಎಲ್ಲ ಕೇಳಿಸಿಕೊಂಡರು, ಪಟ್ಟಿ ಕಂಪ್ಯೂಟರಿಗೆ ಹೋಗಿ ಮುಚ್ಚಿಯಾಗಿದೆ ಎಂದರು. ತಪ್ಪು ನನ್ನದು, ಅವರದ್ದಲ್ಲ ಎಂದು ಬರೆದುಕೊಡುತ್ತೇನೆ ಎಂದೆ. "ಬರೆದುಕೊಟ್ಟರೆ ಇಟ್ಟುಕೊಳ್ಳುತ್ತೇನೆ ಸರ್, ಅದರಿಂದ ಏನೂ ಆಗುವುದಿಲ್ಲ" ಎಂದರು. ಬರೆದುಕೊಟ್ಟೆ. ಇಟ್ಟುಕೊಂಡರು. ಎಂಟು ದಿನ ಬಿಟ್ಟು ಇನ್ನೊಮ್ಮೆ ಹೋದೆ. ಆಗ ಚಹಾ ಕೂಡ ಬರಲಿಲ್ಲ.

ಆ ಎರಡು ಓಡಾಟಗಳ ನಡುವೆ, ತಿಂಗಳ ಕೊನೆಯ ದಿನ, ಅಕ್ಕೋರ ಕಾರ್ಡು ಬಂತು. ಮಾವಳ್ಳಿಯ ಮುದ್ರೆ, ಇಪ್ಪತ್ತೊಂಬತ್ತು, ಅಚ್ಚು ಒತ್ತಿದ ಹಾಗೆ ಸ್ಪಷ್ಟ. ನಾನು ಆ ತಿಂಗಳ ಮೊದಲಿಗೆ ಕಳಿಸಿದ್ದ ಪ್ರಶ್ನೆ, ಅವಕಾಶ ವೆಚ್ಚ ಎಂದರೇನು, ನಿಮ್ಮ ಬದುಕಿನಿಂದ ಉದಾಹರಣೆ ಕೊಡಿ ಎಂಬುದು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ ಅದು. ಎಲ್ಲ ಮುಗಿಯಿತೆಂದು ಗೊತ್ತಾದ ಮೇಲೂ ಅವರು ಉತ್ತರ ಬರೆದಿದ್ದರು.

"ಈ ಡಿಗ್ರಿಗಾಗಿ ಆರು ವರ್ಷ ಭಾನುವಾರ ಅಮ್ಮನನ್ನು ಒಬ್ಬಳೇ ಬಿಟ್ಟು ಹೊನ್ನಾವರಕ್ಕೆ ಬಂದೆ. ಸಂಜೆ ಹೊಲಿಗೆ ಬಿಟ್ಟು ಓದಿದೆ. ನೋಡಲು ಬಂದ ಒಂದು ಸಂಬಂಧವನ್ನು ಪರೀಕ್ಷೆ ಮುಗಿಯಲಿ ಎಂದು ಕಳಿಸಿದೆ. ಇವು ನಾನು ಕೊಟ್ಟ ಅವಕಾಶ ವೆಚ್ಚ. ಸರಿಯೇ ಸರ್?"

ಪುಸ್ತಕದ ವ್ಯಾಖ್ಯೆಗೆ ಕೂದಲೆಳೆಯಷ್ಟೂ ತಪ್ಪಿಲ್ಲದ ಉತ್ತರ. ಸರಿ ಎಂದು ಒಂದು ಕಾರ್ಡು ಬರೆಯಬೇಕಾಗಿತ್ತು. ನಾಲ್ಕಾರು ದಿನ ಕಾರ್ಡು ಮುಂದಿಟ್ಟುಕೊಂಡು ಕೂತೆ. ಯಾವ ಶಾಯಿಯಲ್ಲಿ ಬರೆಯುವುದು? ಆಮೇಲೆ ಏನೂ ಬರೆಯದೆ ಅವರ ಕಾರ್ಡನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಹೇಡಿತನಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಮುಂದಿನ ವರ್ಷ ಆ ಕಾರ್ಯಾಗಾರದ ಮಾತುಗಳನ್ನೆಲ್ಲ ಪುಸ್ತಿಕೆ ಮಾಡಿ ಎಲ್ಲ ಕೇಂದ್ರಗಳಿಗೂ ಕಳಿಸಿದರು. ನನ್ನ ಆಟಕ್ಕೆ ಎಂಟು ಪುಟ ಸಿಕ್ಕಿತ್ತು. ಮಾದರಿ ಉತ್ತರ ಎಂಬ ತಲೆಬರಹದ ಕೆಳಗೆ ಅಕ್ಕೋರ ಹಾವಿನ ಕಾರ್ಡು ಅಚ್ಚಾಗಿತ್ತು. ಅದನ್ನು ಓದಿ ಎಷ್ಟು ಕಡೆ ಎಷ್ಟು ಮಾಸ್ತರರು ನಕ್ಕರೋ. ಇನ್ನೂ ಕೆಲವು ವರ್ಷ ಬಿಟ್ಟು ಕಂಪ್ಯೂಟರಿನಲ್ಲಿ ಆಡುವ ಪಾಠದ ಆಟಗಳ ಸಿ.ಡಿ. ಬಂತು. ಕೇಂದ್ರದಲ್ಲಿ ಕಂಪ್ಯೂಟರ್ ಇರಲಿಲ್ಲ. ಗುಮಾಸ್ತರು ಅದನ್ನು ದಾರ ಕಟ್ಟಿ ಕಿಟಕಿಗೆ ನೇತುಹಾಕಿದರು, ಪಾರಿವಾಳ ಬರದಿರಲಿ ಎಂದು. ಪಾರಿವಾಳ ಬರುತ್ತಲೇ ಇದ್ದವು. ಅಷ್ಟು ಹೊತ್ತಿಗೆ ನಾನು ಭಾನುವಾರದ ಪಾಠ ಬಿಟ್ಟಿದ್ದೆ. ಯಾರೂ ಇರು ಅನ್ನಲಿಲ್ಲ.

ಅಕ್ಕೋರನ್ನು ಮತ್ತೆ ಕಂಡದ್ದು ಏಳೆಂಟು ವರ್ಷದ ಮೇಲೆ, ಮುರ್ಡೇಶ್ವರದ ರೈಲು ನಿಲ್ದಾಣದಲ್ಲಿ. ನಾನು ಕುಮಟೆಗೆ ಬರುವ ಪ್ಯಾಸೆಂಜರ್ ಕಾಯುತ್ತಿದ್ದೆ. ಅವರು ಕಾರವಾರಕ್ಕೆ ಯಾವುದೋ ಮೀಟಿಂಗಿಗೆ ಹೊರಟಿದ್ದರು. ಕೂದಲು ಹಣ್ಣಾಗಿತ್ತು. ದೂರದಿಂದ ನೋಡಿ ನಾನು ಕಂಬದ ಮರೆಗೆ ಸರಿದೆ. ಅವರೇ ಬಂದರು.

"ಸರ್, ಆರಾಮ? ಗುರ್ತು ಸಿಕ್ತಾ?"

ತಾಯಿ ತೀರಿಹೋದರಂತೆ. ಈಗ ಕಾಯ್ಕಿಣಿಯ ಒಬ್ಬಳು ಹುಡುಗಿ, ಅವರ ಕೈಯಲ್ಲೇ ಅಂಗನವಾಡಿಯಲ್ಲಿ ಆಡಿದವಳು, ಡಿಗ್ರಿ ಮುಗಿಸಿ ಅವರಿಗೇ ಸೂಪರ್‌ವೈಸರ್ ಆಗಿ ಬಂದಿದ್ದಾಳಂತೆ. "ತಿಂಗ್ಳಿಗೊಂದ್ಸಲ ಬಂದು ನನ್ನ ರಿಜಿಸ್ಟ್ರಿಗೆ ಸಹಿ ಹಾಕ್ತದೆ ಸರ್. ನಾ ಮೇಡಂ ಹೇಳಿ ಕರೂದು. ಆ ಹುಡ್ಗಿಗೇ ನಾಚ್ಕೆ ಆಗ್ತದೆ ಪಾಪ." ಹೇಳಿ ನಕ್ಕರು. ನನಗೆ ನಗಲು ಆಗಲಿಲ್ಲ. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. ಏಳೆಂಟು ವರ್ಷ ಮನಸ್ಸಿನಲ್ಲೇ ಹೇಳಿಕೊಂಡ ಮಾತು, ಅದು ಹೊರಗೆ ಬರುವ ಮೊದಲೇ ಅವರು ಕೇಳಿದರು.

"ಸರ್, ಆ ವರ್ಷ ಇಪ್ಪತ್ತೊಂಬತ್ತಕ್ಕೆ ಒಂದು ಕಾರ್ಡು ಹಾಕಿದ್ದೆ. ನಿಮ್ಗೆ ಮುಟ್ಟಿತ್ತಾ?"

"ಮುಟ್ಟಿತ್ತು."

"ಉತ್ತರ ಸರಿ ಇತ್ತಾ?"

"ಸರಿ ಇತ್ತು ಅಕ್ಕೋರೆ."

ಅವರು ಬೆರಳಿನಲ್ಲಿ ಒಂದು ಕ್ಷಣ ಎಣಿಸಿದ ಹಾಗೆ ಮಾಡಿದರು. ತೊಂಬತ್ತೊಂದು, ಅದಕ್ಕೆ ಒಂಬತ್ತು.

"ಹಂಗಾರೆ ನೂರು ಆತು, ಅಲ್ದಾ ಸರ್" ಎಂದರು.

ರೈಲು ಬಂತು. ಅವರು ಹೆಂಗಸರ ಡಬ್ಬಿ ಎಲ್ಲಿದೆ ಎಂದು ನೋಡುತ್ತಾ ಮುಂದೆ ಹೋದರು. ನಾನೂ ಅದೇ ರೈಲಿಗೆ ಹತ್ತಬೇಕಾಗಿತ್ತು, ಹತ್ತಲಿಲ್ಲ.